ಅಮುಕಿದರೆ ನುಗ್ಗಬೇಕು

ಹನ್ನೆರಡು ವರ್ಷ ಕಬಡ್ಡಿ ಆಡಿಯೇ ಹೊಟ್ಟೆ ಹೊರೆದವನು ನಾನು. ಅದರಲ್ಲಿ ನಾಲ್ಕು ವರ್ಷ ಟಿವಿಯಲ್ಲಿ ಬರುವ ಲೀಗ್‌ನಲ್ಲಿ. ನನ್ನ ಜಾಗ ಎಡಮೂಲೆ. ರೈಡರ್‌ನ ಕಾಲು ಹಿಡಿಯುವುದು ನನ್ನ ಕೆಲಸ, ಸೊಂಟಕ್ಕೆ ಬೀಳುವುದು ಪಕ್ಕದವನ ಕೆಲಸ. ಊರ ತಂಡದಲ್ಲಿ ನನ್ನ ಪಕ್ಕದವನು ಯಾವತ್ತೂ ಒಬ್ಬನೇ, ಹೊಳೆನರಸೀಪುರದ ಹಾಸ್ಟೆಲಿನಲ್ಲಿ ಜೊತೆಗಿದ್ದ ಕೊಣನೂರಿನ ಗೆಳೆಯ. ನನ್ನ ಬಲಗೈ ಅವನ ಎಡಗೈಯಲ್ಲಿರುತ್ತಿತ್ತು. ಅವನು ಅಮುಕಿದರೆ ಇಬ್ಬರೂ ಒಟ್ಟಿಗೆ ನುಗ್ಗಬೇಕು. ಬಾಯಿ ಬಿಟ್ಟು ಹೇಳಿದರೆ ರೈಡರ್‌ಗೂ ಗೊತ್ತಾಗುತ್ತದಲ್ಲ.

ಲೀಗ್‌ನಲ್ಲಿ ಒಂದು ಸಲ ಯಾರದೋ ಮೊಣಕಾಲು ನನ್ನ ಕತ್ತಿಗೆ ಬಡಿಯಿತು. ಬಲಗೈಗೆ ಜೋಮು ಹಿಡಿದದ್ದು ತಿಂಗಳಾದರೂ ಬಿಡಲಿಲ್ಲ. ಹಾಸನದ ಡಾಕ್ಟರು ಸೂಜಿ ಚುಚ್ಚಿ ನೋಡಿ, ಆಟ ನಿಲ್ಲಿಸಿ ಎಂದರು. ನಿಲ್ಲಿಸಿ ಏನು ಮಾಡಲಿ? ಲೀಗ್‌ನವರಿಗೆ ತಿಳಿದರೆ ಮತ್ತೆ ಕರೆಯುತ್ತಿದ್ದರೇ? ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಕಿಟ್ ಬ್ಯಾಗಿನ ತಳಕ್ಕೆ ತುರುಕಿ ಬಾಯಿಗೆ ಬೀಗ ಹಾಕಿಕೊಂಡೆ. ಗೆಳೆಯನಿಗೂ ಹೇಳಲಿಲ್ಲ. ಹೇಳಲೇಬೇಕಾಗಿದ್ದು ಅವನೊಬ್ಬನಿಗೆ.

ಚನ್ನರಾಯಪಟ್ಟಣದ ಟೂರ್ನಮೆಂಟಿನಲ್ಲಿ ಅವನು ಒಬ್ಬನೇ ನುಗ್ಗಿದ. ನಾನು ನೆಟ್ಟ ಗೂಟದ ಹಾಗೆ ನಿಂತಿದ್ದೆ. ರೈಡರ್ ಅವನ ಮೇಲೆ ಬಿದ್ದ. ಮಂಡಿ ತಿರುಚಿದ ಸದ್ದು ನನಗೂ ಕೇಳಿಸಿತು.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. “ಅಮುಕೋದ ಮರೆತ್ಬುಟ್ಟೆ ಕಣ್ಲಾ. ತಪ್ಪು ನಂದೇಯ,” ಎಂದ.

“ಇರ್ಲಿ ಬುಡ್ಲಾ,” ಎಂದೆ.

ಥೂ, ನನ್ನ ನಾಲಿಗೆಗಿಷ್ಟು. ತಪ್ಪು ನನ್ನದು, ಕ್ಷಮಿಸಿದ ದೊಡ್ಡ ಮನುಷ್ಯನೂ ನಾನೇ. ಅವನು ಮತ್ತೆ ಆಡಲಿಲ್ಲ. ಲೀಗ್‌ನವರು ನನ್ನನ್ನು ಇನ್ನೊಂದು ವರ್ಷ ಇಟ್ಟುಕೊಂಡರು, ಬೆಂಚಿನ ಮೇಲೆ. ಆಮೇಲೆ ಬೇಡ ಎಂದರು. ಆಗಲೂ ಏನೂ ಅನ್ನಿಸಲಿಲ್ಲ. ಊಟ ಮಾಡಿ ಮಲಗಿದೆ.

ಹೋದ ತಿಂಗಳು ಸಂತೆಯ ದಿನ ಅರಕಲಗೂಡಿನಿಂದ ಬಸ್ಸು ಹಿಡಿದು ಕೊಣನೂರಿಗೆ ಹೋದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ, ನಿಜ ಹೇಳಿಬಿಡೋಣ ಎಂದೇ ಹೋದದ್ದು. ಅವನದು ಈಗ ಬೀಜ, ಗೊಬ್ಬರದ ಅಂಗಡಿ. ಕುಂಟುತ್ತಾ ಎದ್ದು ಬಂದು ಸ್ಟೂಲು ಎಳೆದು ಕೂರಿಸಿ, ಟೀ ತರಿಸಿದ. ಅವನ ಮಗಳ ಶಾಲೆಯ ಮಾತಾಯಿತು, ಶುಂಠಿ ರೇಟಿನ ಮಾತಾಯಿತು. ನಾನು ಹೇಳಬೇಕಾದ ಮಾತು ಮಾತ್ರ ಆಗಲಿಲ್ಲ.

ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಗಾಜಿನ ಲೋಟವನ್ನು ಬಲಗೈಯಲ್ಲಿ ಇಡಿಯಾಗಿ ಹಿಡಿದುಕೊಂಡಿದ್ದೆ.

“ಸುಡಾಕಿಲ್ವೇನ್ಲಾ?” ಎಂದ.

“ಆರೋಗದೆ,” ಎಂದೆ. ಅವನ ಲೋಟದಲ್ಲಿ ಇನ್ನೂ ಹಬೆ ಏಳುತ್ತಿತ್ತು.

ಲೋಟ ತೆಗೆದಿಟ್ಟು ನನ್ನ ಬಲಗೈಯನ್ನು ಕೆಳಕ್ಕೆ ಎಳೆದು ಹಿಡಿದುಕೊಂಡ. ಕೌಂಟರಿನ ಮರೆಯಲ್ಲಿ ನನಗೆ ಕೈ ಕಾಣುತ್ತಿರಲಿಲ್ಲ.

“ಈಗ ಅಮುಕ್ದೆ. ಗೊತ್ತಾಯ್ತಾ?”

“ಆಯ್ತು ಕಣ.”

ನನ್ನ ಕೈ ಎತ್ತಿ ಕೌಂಟರಿನ ಮೇಲಿಟ್ಟ.

“ಈಗ ಅಮುಕ್ಲೇ ಇಲ್ಲ ಕಣ್ಲಾ,” ಎಂದ. “ಅವತ್ತು ಅಮುಕಿದ್ದೆ.”