ರಂಗದ ಮೇಲೆ ಕಸ ಗುಡಿಸಿದ ಗಂಡ

ಮದುವೆಯಾಗಿ ಬಂದಾಗಿನಿಂದ ನಮ್ಮ ಯಜಮಾನರು ಕುಡಿದ ಕಾಫಿ ಲೋಟವನ್ನು ಎತ್ತಿ ಸಿಂಕಿಗೆ ಹಾಕಿದ್ದನ್ನು ನಾನು ಕಂಡವಳಲ್ಲ. ಅಂಥವರಿಗೆ ಚಾಮರಾಜನಗರದ ಹವ್ಯಾಸಿ ನಾಟಕ ತಂಡದವರು ಕಸ ಗುಡಿಸುವ ಪಾತ್ರ ಕೊಟ್ಟರು.

ಅದು ಹೊರದೇಶದ ಹಳೆಯ ಹಾಸ್ಯ ನಾಟಕವಂತೆ. ಹೆಂಡತಿಯರನ್ನು ಕಳೆದುಕೊಂಡ ಇಬ್ಬರು ಗೆಳೆಯರು ಒಂದೇ ರೂಮಿನಲ್ಲಿ ವಾಸಕ್ಕೆ ನಿಲ್ಲುತ್ತಾರೆ. ಕಳೆದುಕೊಂಡ ಎಂದರೆ ಸತ್ತು ಹೋದವರಲ್ಲ, ಸಾಕಪ್ಪಾ ಸಾಕು ಎಂದು ಎದ್ದು ಹೋದವರು. ಒಬ್ಬ ಮಹಾ ಕೊಳಕ. ಇನ್ನೊಬ್ಬನಿಗೆ ಶುಚಿಯ ಹುಚ್ಚು; ಗುಡಿಸುವುದು, ಒರೆಸುವುದು, ಅಡುಗೆ ಮಾಡಿ ಬಡಿಸುವುದು, ಗೆಳೆಯ ಬರುವುದು ತಡವಾದರೆ ಸಾರು ಆರಿಹೋಯಿತೆಂದು ಅಳುವುದು. ಇಬ್ಬರೂ ಹಾವು ಮುಂಗುಸಿಯ ಹಾಗೆ ಕಚ್ಚಾಡುತ್ತಾರೆ. ನಮ್ಮ ನಿರ್ದೇಶಕರು ಆ ರೂಮನ್ನು ಸಂತೆಮರಹಳ್ಳಿ ರಸ್ತೆಯ ಬಾಡಿಗೆ ಮನೆಯೊಂದರ ಮಹಡಿಗೆ ತಂದು ಕೂರಿಸಿದ್ದರು. ಆದರೆ ಸೀನರಿ ಬಾಡಿಗೆಗೆ ಕೊಡುವವರ ಹತ್ತಿರ ಇದ್ದದ್ದು ಅರಮನೆ, ಕಾಡು ಮತ್ತು ಬೀದಿ ಮಾತ್ರ. ಹಾಗಾಗಿ ಅರಮನೆಯ ಪರದೆ ಇಳಿಬಿಟ್ಟು, ಅದರಲ್ಲಿ ಬರೆದ ಬಣ್ಣದ ನವಿಲುಗಳ ಮುಂದೆ ಎರಡು ಕಬ್ಬಿಣದ ಮಂಚ ಹಾಕಿದರು.

ಕೊಳಕನ ಪಾತ್ರ ಊರಿನ ಟೈಲರ್ ಒಬ್ಬರದು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಅಚ್ಚ ಕನ್ನಡ. ಅವರ ಅಂಗಡಿಯಲ್ಲಿ ನೂಲಿನ ಚೂರೂ ನೆಲಕ್ಕೆ ಬಿದ್ದಿರುವುದಿಲ್ಲ. ಅಂಗಿ ಬಿಚ್ಚಿ ಮೂಲೆಗೆ ಎಸೆಯಿರಿ ಎಂದರೆ, ಪಾಪ, ಮೊದಲು ಮಡಿಸಿ ಆಮೇಲೆ ಎಸೆಯುತ್ತಿದ್ದರು. ನಮ್ಮ ಯಜಮಾನರೋ ತಮ್ಮ ಊರು ಉಡಿಗಾಲದ ನಾಟಕಗಳಲ್ಲಿ ವರ್ಷವರ್ಷವೂ ಕಿರೀಟ ತೊಟ್ಟು ಗದೆ ಹೊತ್ತವರು. ಹಗಲು ಸರ್ಕಾರಿ ಕಚೇರಿಯಲ್ಲಿ ಫೈಲು ನೋಡುವುದು ಅವರ ಉಪಕಸುಬು.

ಅದೇ ಹೊತ್ತಿಗೆ ನನಗೆ ಮುಖ್ಯ ಶಿಕ್ಷಕಿಯಾಗಿ ಬಡ್ತಿ ಬಂತು. ಶಾಲೆ ಇದ್ದದ್ದು ಗುಂಡ್ಲುಪೇಟೆಯಿಂದಲೂ ಆಚೆ, ಕೇರಳದ ರಸ್ತೆಯಲ್ಲಿ. ದಿನಾ ಓಡಾಡಿದರೆ ಜೀವ ಹಣ್ಣಾಗುತ್ತದೆ. ಗುಂಡ್ಲುಪೇಟೆಯಲ್ಲಿ ರೂಮು ಮಾಡಿಕೊಂಡು ಶನಿವಾರ ಮನೆಗೆ ಬರಬೇಕು. ಹಿಂದೊಮ್ಮೆ ಬಂದಿದ್ದನ್ನು, ಮಗಳು ಚಿಕ್ಕವಳೆಂದು ಬೇಡ ಅಂದಿದ್ದೆ. ಈಗ ಮಗಳಿಗೆ ಮದುವೆಯಾಗಿದೆ. ನನಗೆ ಆ ಕುರ್ಚಿ ಬೇಕಿತ್ತು. ಮುಚ್ಚುಮರೆ ಏಕೆ, ಆಸೆಪಟ್ಟು ಕಾಯುತ್ತಿದ್ದೆ.

ಯಜಮಾನರು ಮೊಬೈಲಿನಿಂದ ತಲೆ ಎತ್ತದೆ ತೀರ್ಪು ಕೊಟ್ಟರು. "ನೀನು ಒಂಟೋದ್ರೆ ನನ್ ಊಟದ ಗತಿ ಏನ? ನಂಗೆ ಒಲೆ ಅಚ್ಚಕ್ಕೂ ಬರಕಿಲ್ಲ ಕಣಮ್ಮಿ."

ಅದೇ ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಬರ್ಲ ಎಂಗ್ ಇಡಿಬೇಕು ಅಂತ ವಸಿ ತೋರ್ಸಮ್ಮಿ. ಗದೆ ಇಡ್ದಂಗೆ ಇಡಿತೀರಿ ಅಂತ ಡೈರೆಕ್ಟ್ರು ಬಯ್ತಾವ್ರೆ," ಎಂದರು.

ತೋರಿಸಿದೆ. ಕಸಬರಲನ್ನು ಎಲ್ಲಿ ಹಿಡಿಯಬೇಕು, ಸೊಂಟ ಎಷ್ಟು ಬಗ್ಗಬೇಕು, ಮಂಚದ ಕೆಳಗಿನ ಧೂಳನ್ನು ಹೇಗೆ ಎಳೆಯಬೇಕು, ಒದ್ದೆ ಬಟ್ಟೆಯನ್ನು ಹೇಗೆ ಹಿಂಡಬೇಕು. ಯಜಮಾನರು ಎಷ್ಟು ಚೆನ್ನಾಗಿ ಕಲಿತರೆಂದರೆ ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಬರುವುದಿಲ್ಲ ಎಂದುಕೊಂಡಿದ್ದೆನಲ್ಲ, ಎಲ್ಲ ಬರುತ್ತಿತ್ತು. ನಡುಮನೆಯ ಉದ್ದಕ್ಕೂ ಗುಡಿಸಿಕೊಂಡು ಬಂದು, ಕಸದ ಗುಡ್ಡೆಯನ್ನು ನಟ್ಟನಡುವೆ ಬಿಟ್ಟು ಟಿವಿ ಮುಂದೆ ಕೂರುತ್ತಿದ್ದರು. ಅವರ ಸೀನು ಅಲ್ಲಿಗೆ ಮುಗಿಯುತ್ತಿತ್ತು. ಗುಡ್ಡೆ ಎತ್ತುವ ಸೀನು ನನ್ನದು. ಪಾತ್ರೆ ತೊಳೆಯುವುದನ್ನೂ ಅಭ್ಯಾಸ ಮಾಡಿದರು. ಮುಸುರೆಯ ವಾಸನೆ ತಮಗೆ ಆಗದು ಎಂದದ್ದಕ್ಕೆ ನಾನು ಮೊದಲೇ ತೊಳೆದುಕೊಟ್ಟ ಪಾತ್ರೆಗಳನ್ನು ಇವರು ಇನ್ನೊಮ್ಮೆ ತೊಳೆದರು.

ಬಡ್ತಿಗೆ ಒಪ್ಪಿಗೆ ಹೇಳಲು ಇನ್ನು ಕೆಲವೇ ದಿನ ಇರುವಾಗ ನಾಟಕದ ದಿನ ಬಂತು. ಉಡಿಗಾಲದಿಂದ ಟೆಂಪೋ ತುಂಬ ಜನ ಬಂದರು, ಮಡಿಲ ತುಂಬ ಹೂವಿನ ಹಾರ. ನಮ್ಮ ಕಡೆಯ ನಾಟಕಗಳಲ್ಲಿ ಆಟ ನಡೆಯುವಾಗಲೇ ನೆಂಟರು ರಂಗಕ್ಕೆ ಹತ್ತಿ ಪಾತ್ರಧಾರಿಗೆ ಹಾರ ಹಾಕುತ್ತಾರೆ. ಯುದ್ಧ ನಡೆಯುತ್ತಿದ್ದರೂ ನಿಲ್ಲುತ್ತದೆ. ಹಾರ ಹಾಕಿದವರು ಫೋಟೋ ತೆಗೆಸಿಕೊಂಡು ಇಳಿದ ಮೇಲೆ ಸಾಯಬೇಕಾದವನು ಸಾಯುತ್ತಾನೆ. ಈ ನಾಟಕದಲ್ಲಿ ಅದೆಲ್ಲ ನಡೆಯಕೂಡದು, ದಯವಿಟ್ಟು ಎಂದು ನಿರ್ದೇಶಕರು ಮೈಕಿನಲ್ಲಿ ಕೈಮುಗಿದು ಕೇಳಿಕೊಂಡರು. ಉಡಿಗಾಲದವರು ಅದಕ್ಕೂ ಚಪ್ಪಾಳೆ ತಟ್ಟಿದರು.

ಶುರುವಾಯಿತು. ಟೈಲರ್ ಮೇಜಿನ ಮೇಲೆ ಕಾಲು ಚಾಚಿ ಕಡಲೆಕಾಯಿ ಸಿಪ್ಪೆಯನ್ನು ನೆಲಕ್ಕೆ ಉದುರಿಸುತ್ತಿದ್ದರು. ನಮ್ಮವರು ಸೊಂಟಕ್ಕೆ ಟವೆಲ್ ಬಿಗಿದು, ಗೊಣಗುತ್ತ, ನವಿಲುಗಳ ಕೆಳಗೆ ಗುಡಿಸುತ್ತ ಬಂದರು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಗ ಮುಂದಿನ ಸಾಲಿನಿಂದ, ಊರಿನವರ ಜೊತೆ ಟೆಂಪೋದಲ್ಲಿ ಬಂದಿದ್ದ ನಮ್ಮ ಅತ್ತೆ ಎದ್ದರು. ಕೈಯಲ್ಲಿ ಸೇವಂತಿಗೆ ಹಾರ. ಸೆರಗು ಸಿಕ್ಕಿಸಿ ಮೆಟ್ಟಿಲು ಹತ್ತಿ, ಮಗನ ಕೊರಳಿಗೆ ಹಾರ ಹಾಕಿ, ಕೈಯಲ್ಲಿದ್ದ ಕಸಬರಲನ್ನು ಕಿತ್ತುಕೊಂಡರು.

"ಅಯ್ಯೋ ನನ್ ಕಂದ, ನಿನ್ ಕೈಗೆ ಬರ್ಲ ಕೊಟ್ಟವ್ರಲ್ಲಪ್ಪಾ! ಮನೇಲಿ ಎಂಗುಸ್ರು ಸತ್ತೋಗವ್ರಾ? ನೀ ಕೂತ್ಕೊಳ್ಲಾ."

ಹೇಳಿದವರೇ ಬಗ್ಗಿ ಗುಡಿಸತೊಡಗಿದರು. ಕೊಳಕನಾಗಿದ್ದ ಟೈಲರ್ ಹಿರಿಯರ ಮುಂದೆ ಕಾಲು ಚಾಚಿದ್ದಕ್ಕೆ ಗಾಬರಿಯಾಗಿ ಎದ್ದು ನಿಂತು, "ಬನ್ನಿ ಅಮ್ಮಾ, ಕೂತ್ಕೊಳ್ಳಿ," ಎಂದು ತಾವೂ ಸಿಪ್ಪೆ ಆಯ್ದರು. ಪಕ್ಕದ ಪರದೆಯ ಸಂದಿಯಲ್ಲಿ ನಿರ್ದೇಶಕರು ತಲೆ ಮೇಲೆ ಕೈ ಹೊತ್ತರು. ಸಭಾಂಗಣ ನಗೆಯಲ್ಲಿ ಅದುರುತ್ತಿತ್ತು. ರಂಗದ ಮೇಲೆ ನೇತುಹಾಕಿದ್ದ ಮೈಕು ಅತ್ತೆಯ ಒಂದೊಂದು ಮಾತನ್ನೂ ಹಿಡಿಯುತ್ತಿತ್ತು.

"ಎಲ್ಲವ್ಳೆ ನನ್ ಸೊಸೆ? ಅಲ್ ಕೂತ್ಕಂಡು ನಗಾಡ್ತಾವ್ಳೆ ನೋಡ್ರಪ್ಪಾ! ಬಾ ಮ್ಮಿ ಮ್ಯಾಕ್ಕೆ, ಇಡ್ಕೊ ಇದ!"

ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ನನ್ನ ಹಳೆಯ ವಿದ್ಯಾರ್ಥಿಗಳಿದ್ದರು, ಅವರ ಅಪ್ಪ ಅಮ್ಮಂದಿರಿದ್ದರು. ಮೊದಲು ನಾಚಿಕೆಯಾಯಿತು. ಮೆಟ್ಟಿಲು ಹತ್ತುವಷ್ಟರಲ್ಲಿ ನಾಚಿಕೆ ಹೋಗಿ ಕೋಪ ಬಂದಿತ್ತು. ಅತ್ತೆಯ ಕೈಯಿಂದ ಕಸಬರಲು ತೆಗೆದುಕೊಂಡೆ. ಹಾರ ಹಾಕಿಕೊಂಡು ನಿಂತಿದ್ದ ಯಜಮಾನರ ಕೈಗೆ ಕೊಟ್ಟೆ.

"ನೀವೇ ಗುಡಿಸ್ರಿ. ನನಗಿಂತ ಚೆನ್ನಾಗಿ ಗುಡಿಸ್ತೀರಿ. ಬಡ್ತಿ ಬಂದಿದೆ, ನಾನು ಗುಂಡ್ಲುಪೇಟೆಗೆ ಹೋಗ್ತೀನಿ."

ಮೈಕು ಇದನ್ನೂ ಹಿಡಿಯಿತು. ಜನ ಇದೂ ನಾಟಕದ ಮಾತೇ ಎಂದುಕೊಂಡು ಶಿಳ್ಳೆ ಹೊಡೆದರು. ನಮ್ಮ ಯಜಮಾನರಿಗೆ ಏನನ್ನು ಬೇಕಾದರೂ ಸಹಿಸುವ ಶಕ್ತಿಯಿದೆ, ರಂಗದ ಮೇಲೆ ಎದುರು ಮಾತಿಲ್ಲದೆ ನಿಲ್ಲುವ ಶಕ್ತಿ ಇಲ್ಲ. ಎದೆ ಉಬ್ಬಿಸಿ, ಹಳೆಯ ರಾಜನ ಗಂಟಲು ತೆಗೆದು, ಗರ್ಜಿಸಿಯೇ ಬಿಟ್ಟರು.

"ಹೋಗಿ ಬಾ, ದೇವಿ! ಮನೆಯ ಚಿಂತೆ ನಿನಗೇಕೆ? ನಾನಿರುವೆನಲ್ಲ!"

"ಒನ್ಸ್ ಮೋರ್!" ಎಂದು ಉಡಿಗಾಲದವರು ಕೂಗಿದರು. ಒನ್ಸ್ ಮೋರ್ ಬಿದ್ದರೆ ಇನ್ನೊಮ್ಮೆ ಹೇಳಲೇಬೇಕು, ಅದು ನಟನ ಧರ್ಮ. ಹೇಳಿದರು. ಮತ್ತೆ ಬಿತ್ತು. ಈ ಸಲ ಕಸಬರಲನ್ನು ಹೆಗಲ ಮೇಲೆ ಗದೆಯಂತೆ ಹೊತ್ತು, ಒಂದು ಮೊಣಕಾಲೂರಿ ಹೇಳಿದರು. ಅಷ್ಟು ಖುಷಿಯಾಗಿ ನನ್ನ ಯಾವ ಮಾತಿಗೂ ಅವರು ಒಪ್ಪಿದ್ದಿಲ್ಲ.

ಆಟೋದಲ್ಲಿ ಮನೆಗೆ ಬರುವಾಗ, "ಅದು ಡೈಲಾಗ್ ಕಣಮ್ಮಿ, ನಿಜ ಅಂದ್ಕಬುಟ್ಟಾ?" ಎಂದರು. ನಾನು ಬೀದಿ ನೋಡುತ್ತ ಕುಳಿತೆ. ಬೆಳಿಗ್ಗೆ ಹೋಟೆಲಿಗೆ ಹೋಗಿ ಬಂದವರ ಮುಖವೇ ಬೇರೆಯಾಗಿತ್ತು. ಅಲ್ಲಿ ಕಂಡಕಂಡವರೆಲ್ಲ ಕೈಕುಲುಕಿ, ಹೆಂಡತಿಯನ್ನು ಇಷ್ಟು ಮುಂದೆ ತರುವ ಗಂಡ ಈ ಕಾಲದಲ್ಲಿ ಎಲ್ಲಿದ್ದಾನೆ ಎಂದು ಹೊಗಳಿದ್ದರಂತೆ. ಒಳಗೆ ಬಂದವರೇ, "ಓಗು, ಎಡ್ಮಿಸ್ಸಾಗು. ನಾ ಯಾವತ್ತಾರ ಬ್ಯಾಡ ಅಂದಿದ್ನಾ?" ಎಂದರು.

ಹೋದೆ. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿಯ ಹಿಂದೆ ಮಹಡಿಯ ಮೇಲೊಂದು ರೂಮು ಸಿಕ್ಕಿತು. ಕೆಳಗೆ ಲಾರಿಗಳ ಗದ್ದಲ, ಬಟ್ಟೆಗೆಲ್ಲ ಈರುಳ್ಳಿ ವಾಸನೆ. ಶಾಲೆಯಲ್ಲಿ ಮೊದಲ ದಿನ ಆ ಕುರ್ಚಿಯ ಮೇಲೆ ಕುಳಿತಾಗ ಕಣ್ಣು ತುಂಬಿತು. ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಹಿತ್ತಿಲಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕುಳಿತು ಪಾತ್ರೆ ಉಜ್ಜುತ್ತಿದ್ದರು. ನಾನು ಹೊರಟ ಮಧ್ಯಾಹ್ನವೇ ಯಜಮಾನರು ಬೈಕಿನಲ್ಲಿ ಉಡಿಗಾಲಕ್ಕೆ ಹೋಗಿ ಕರೆತಂದಿದ್ದರಂತೆ. ಗೆದ್ದೆ ಎಂದುಕೊಂಡಿದ್ದೆ. ಗುಡಿಸುವ ಕೈ ಬದಲಾಗಿತ್ತು, ಅಷ್ಟೆ. ಆ ವಯಸ್ಸಿನ ಮುದುಕಿಯನ್ನು ಹಾಗೆ ನೋಡಿ ನನಗೆ ಸಂಕಟವಾಯಿತು. ಅವರು ನನ್ನ ಕಡೆ ಬೆನ್ನು ತಿರುಗಿಸಿ ಉಜ್ಜುತ್ತಲೇ ಇದ್ದರು.

ಎರಡು ಮೂರು ಶನಿವಾರ ಹೀಗೇ ಹೋದವು. ಒಂದು ಭಾನುವಾರ ನಾಟಕ ತಂಡದವರು ಮನೆಗೆ ಬಂದರು. ಯಜಮಾನರು ಕಾಲ ಮೇಲೆ ಕಾಲು ಹಾಕಿಕೊಂಡು, "ಅವಳು ಅಲ್ಲಿ, ನಾನಿಲ್ಲಿ. ಮನೆ ಎಲ್ಲ ನಾನೇ ನೋಡ್ಕತೀನಿ," ಎನ್ನುತ್ತಿದ್ದರು. ಅದೇ ಹೊತ್ತಿಗೆ ಅತ್ತೆ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲರಿಗೂ ಲೋಟ ಕೊಟ್ಟು ಒಳಗೆ ಬಂದು, ಬಟ್ಟೆ ತುಂಬಿಕೊಳ್ಳುತ್ತಿದ್ದ ನನ್ನ ಪಕ್ಕ ಕುಳಿತರು.

"ನಿನ್ ರೂಮಲ್ಲಿ ಇನ್ನೊಂದ್ ಚಾಪೆ ಆಸಕ್ಕೆ ಜಾಗ ಅದಾ ಮ್ಮಿ?"

ಇದೆ ಅಂದೆ. ಸಂಜೆ ಇಬ್ಬರೂ ಚೀಲ ಹಿಡಿದು ಹೊರಟಾಗ ಯಜಮಾನರು ಗೇಟಿನವರೆಗೂ ಬಂದರು.

"ಎಲ್ಗವ್ವಾ ಒಂಟೆ? ಇಲ್ಲಿ ಮನೆ ಕೆಲ್ಸ?"

"ನಿಂಗೆ ಬತ್ತದಲ್ಲಪ್ಪಾ," ಎಂದರು ಅತ್ತೆ. "ನಾನೇ ಕಣ್ಣಾರ ನೋಡಿವ್ನಿ. ಊರೆಲ್ಲ ನೋಡ್ಯದೆ."

ಮುಂದಿನ ವಾರ ನಾಟಕ ಗುಂಡ್ಲುಪೇಟೆಗೇ ಬಂತು. ಮಂಡಿಯ ಪಕ್ಕದ ಬಯಲಿನಲ್ಲಿ ವೇದಿಕೆ, ಕಂಬಕ್ಕೊಂದು ಮೈಕು. ರೂಮಿನಲ್ಲಿ ನಾವು ಮುದ್ದೆ ಉಂಡು ಮುಗಿಸುವ ಹೊತ್ತಿಗೆ ನಾಟಕ ಶುರುವಾಗಿತ್ತು. ಯಜಮಾನರ ಗೊಣಗು, ಪಾತ್ರೆಗಳ ಸದ್ದು, ಜನರ ನಗೆ ಎಲ್ಲವೂ ಕಿಟಕಿಯಿಂದ ಕೇಳುತ್ತಿತ್ತು. ಅಲ್ಲಿಯ ಕೆಲಸವನ್ನು ಅವರು ಒಂದು ಚೂರೂ ಬಾಕಿ ಇಡದೆ ಮಾಡುತ್ತಿದ್ದರು.

"ಹೋಗೋಣವಾ ಅತ್ತೆ, ನೋಡೋಕೆ?"

"ಬುಡು," ಎಂದರು. ರೂಮಿಗೆ ಬಂದ ದಿನದಿಂದ ಉಂಡ ಕೂಡಲೇ ಎದ್ದು ನನ್ನ ತಟ್ಟೆಯನ್ನೂ ಸೇರಿಸಿ ತೊಳೆಯುತ್ತಿದ್ದವರು ಅವರು. ಅವತ್ತು ತಟ್ಟೆಯಲ್ಲೇ ಕೈ ತೊಳೆದು, ಅದನ್ನು ಗೋಡೆಯ ಕಡೆ ತಳ್ಳಿ, ಚಾಪೆಯ ಮೇಲೆ ಕಾಲು ಚಾಚಿದರು. ಆಮೇಲೆ ನಾನು ಏನು ಮಾಡುತ್ತೇನೆ ಎಂದು ನನ್ನನ್ನೇ ನೋಡಿದರು. ನಾನು ನನ್ನ ತಟ್ಟೆಯನ್ನೂ ಅದರ ಪಕ್ಕಕ್ಕೆ ತಳ್ಳಿ ಮಲಗಿದೆ.