ರಬ್ಬರಿಗೆ ಬಾಗಿಲು ಹಾಕಿದ ಅತ್ತೆ

ರಬ್ಬರು ಮೈಗೆ ಒಗ್ಗದೆ, ಬಲೂನು ಊದಿದರೂ ಸೊಸೆ ಶಿವಲೀಲೆಯ ತುಟಿ ಬಾತು ಉಸಿರು ಕಟ್ಟುತ್ತದೆಂದು ತಿಳಿದ ದಿನದಿಂದ ಖಾಸಬಾಗದ ಬಸವಣ್ಣೆವ್ವನಿಗೆ ರಬ್ಬರೇ ಹಗೆ. ಸೊಸೆ ಬಸುರಾದ ಮೇಲಂತೂ ಕೇಳಲೇಬೇಡಿ. ಬಂದವರ ಹವಾಯಿ ಚಪ್ಪಲಿ ಓಣಿಯ ತುದಿಯಲ್ಲೇ ಉಳಿಯಬೇಕು. ಮನೆಯವರ ಚಡ್ಡಿಗಳ ಇಲಾಸ್ಟಿಕ್ಕನ್ನೆಲ್ಲ ಕಿತ್ತು ಲಾಡಿ ಪೋಣಿಸಿದಳು, ಗಂಡನದನ್ನೂ ಬಿಡಲಿಲ್ಲ. ಲೇಡಿ ಡಾಕ್ಟರು ಮುಂಬಯಿಯಿಂದ ಪ್ಲಾಸ್ಟಿಕ್ ಕೈಗವಸು ತರಿಸುವವರೆಗೂ ದಿನಾ ಅವರ ಬಾಗಿಲಲ್ಲಿ ಕೂತಳು. “ಚೊಚ್ಚಲ ಹೆರಿಗಿ ತವರಾಗ ಆಗಬೇಕ್ರಿ” ಎಂದು ಖಾನಾಪುರದಿಂದ ಬಂದ ಬೀಗರಿಗೆ, “ಖರೇ ಐತ್ರಿ. ಆದ್ರ ಆ ಕೈಗವಸು ಇಲ್ಲೇ ಅದಾವು. ನೀವು ಹೊಲಿದು ತಂದ ಕೌದಿ ಕೊಟ್ಟು ಹೋಗ್ರಿ” ಎಂದಳು. ಹಳೇ ಸೀರೆಗಳ ಆ ಕೌದಿಯನ್ನೇ ಆಸ್ಪತ್ರೆಯಲ್ಲಿ ರಬ್ಬರ್ ಹಾಸಿನ ಬದಲು ಹಾಸಿಸಿದಳು. ಕೊನೆಗೆ ಡಾಕ್ಟರು ಹೆರಿಗೆ ಕೋಣೆಯಿಂದ ನಗುತ್ತ ಹೊರಬಂದರು. “ಗಂಡೋ ಹೆಣ್ಣೋ ಆಮ್ಯಾಲ ಹೇಳ್ರಿ,” ಎಂದು ಬಸವಣ್ಣೆವ್ವ ತಡೆದಳು, “ನಮ್ಮ ಶಿವಲೀಲಾನ ತುಟಿ ಬಾತಿಲ್ಲಲ್ರೀ?”