ಕಕ್ಕುವ ಬೆಕ್ಕು

ನಾನು ಮೊದಲಿಂದಲೂ ಅನುಮಾನದವಳು. ಹಾಲಿನವನು ಹಸು ಹೊಡಕೊಂಡು ಬಂದು ಬಾಗಿಲಲ್ಲೇ ಕರೆದುಕೊಟ್ಟರೂ, ಕರೆಯೋಕೆ ಮುಂಚೆ ಅವನ ಚೊಂಬನ್ನ ಬೋರಲು ಹಾಕಿಸಿ ನೋಡುತ್ತಿದ್ದೆ, ತಳದಲ್ಲಿ ನೀರಿಟ್ಟುಕೊಂಡು ಬಂದಿದ್ದಾನೋ ಏನೋ ಅಂತ. ತಾಯಿ ಸತ್ತು ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು ನಾನು. ಯಾರಾದರೂ ಪ್ರೀತಿಯಿಂದ ಒಂದು ಮಾತಾಡಿದರೆ ಇದರ ಹಿಂದೆ ಇನ್ನೇನಿದೆಯಪ್ಪಾ ಅಂತ ಹುಡುಕೋದು ಅಲ್ಲಿಂದ ಬಂದ ಚಾಳಿ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮದುವೆಯಾಗಿ ಯಲಹಂಕಕ್ಕೆ ಬಂದೆ. ಅಲ್ಲಿನ ಹಳೇ ಊರಲ್ಲಿ ಒಬ್ಬರ ಮನೆಯ ಹಿಂಭಾಗ ಬಾಡಿಗೆಗೆ ಹಿಡಿದಿದ್ದರು. ಹಿತ್ತಲಲ್ಲಿ ಬಾವಿ, ಬಟ್ಟೆ ಒಗೆಯೋ ಕಲ್ಲು, ಒಂದು ನುಗ್ಗೆಮರ. ನಮ್ಮ ಯಜಮಾನರು ಬೆಳಗಾಗೋ ಹೊತ್ತಿಗೆ ಜಾಲಹಳ್ಳಿ ಕಡೆ ಹೋಗೋ ಕಾರ್ಖಾನೆ ಬಸ್ಸು ಹತ್ತಿದರೆ ವಾಪಸ್ಸು ಬರೋದು ಸಾಯಂಕಾಲ. ದಿನವಿಡೀ ಮನೆಯಲ್ಲಿ ಇರುತ್ತಿದ್ದವರು ನಾನು, ನಮ್ಮ ಅತ್ತೆ, ಒಂದು ಬೆಕ್ಕು.

ಬೆಕ್ಕು ಮನೆಯ ಜೊತೆಗೇ ಬಂದದ್ದು. ಬೂದಿ ಬಣ್ಣದ ಗಡವ. ನಮ್ಮ ಊಟವಾದ ಮೇಲೆ ಒಡೆದ ಪಿಂಗಾಣಿ ಬಸಿಯಲ್ಲಿ ಹಾಲು-ಅನ್ನ ಕಲಸಿ ಇಟ್ಟರೆ ಉಸಿರು ಬಿಡದೆ ಗಬಗಬ ತಿಂದು, ಹಿತ್ತಲಿಗೆ ಹೋಗಿ, ಬೆನ್ನು ಗೂನು ಮಾಡಿಕೊಂಡು ತಿಂದದ್ದನ್ನೆಲ್ಲ ಕಕ್ಕುತ್ತಿತ್ತು. ಆಮೇಲೆ ಏನೂ ಆಗದ ಹಾಗೆ ಬಂದು ಮತ್ತೆ ಮಿಯಾಂವ್ ಅನ್ನುತ್ತಿತ್ತು. ಸ್ವಲ್ಪಸ್ವಲ್ಪವಾಗಿ ಎರಡು ಸಲ ಮಾಡಿ ಹಾಕಿ ನೋಡಿದೆ. ಅನ್ನ ನುಣ್ಣಗೆ ಕಿವುಚಿ ಹಾಕಿದೆ. ಹಾಲು ಬಿಟ್ಟು ಮಜ್ಜಿಗೆ ಹಾಕಿದೆ, ರಾಗಿ ಗಂಜಿ ಆರಿಸಿ ಇಟ್ಟೆ. ವಾರದಲ್ಲಿ ಎರಡು ಸಲವಾದರೂ ಕಕ್ಕೋದು ತಪ್ಪಲಿಲ್ಲ. ನನಗೂ ಆಗ ಬಸುರಿನ ಸಂಕಟ, ನಿಂತಲ್ಲಿ ವಾಂತಿ. ಯಜಮಾನರು, "ಮನೇಲಿ ಇಬ್ರು ಬಸುರೀರು, ಅದರಲ್ಲೊಂದು ಗಂಡು" ಅಂತ ತಮಾಷೆ ಮಾಡುತ್ತಿದ್ದರು.

ನನ್ನದು ನಾಲ್ಕು ತಿಂಗಳಿಗೆ ನಿಂತಿತು. ಬೆಕ್ಕಿನದು ನನಗೆ ಆರನೇ ತಿಂಗಳು ಹಿಡಿಯೋ ಹೊತ್ತಿಗೆ ಜಾಸ್ತಿಯಾಯಿತು. ದಿನ ಬಿಟ್ಟು ದಿನ, ಆಮೇಲೆ ದಿನಾ. ವಿಚಿತ್ರ ಅಂದರೆ ಈಗ ಅದು ಕಕ್ಕೋದನ್ನ ನಾನು ಕಣ್ಣಾರೆ ನೋಡುತ್ತಲೇ ಇರಲಿಲ್ಲ. ಅತ್ತೆ ಹೇಳುತ್ತಿದ್ದರು. "ಬೆಕ್ಕು ಕಕ್ಕಿದೆ ಕಣೇ, ನೀನು ಬಗ್ಗಬೇಡ, ನಾನೇ ನೀರು ಹಾಕ್ತೀನಿ." ಕೊಡ ಹಿಡಕೊಂಡು ಹೋಗಿ ಒಗೆಯೋ ಕಲ್ಲಿನ ಪಕ್ಕ ತೊಳೆದು ಬರುತ್ತಿದ್ದರು.

ನಮ್ಮ ಅತ್ತೆ ಎಂಥ ಮಡಿಯವರು ಅಂದರೆ, ಬೆಕ್ಕು ಸೀರೆಗೆ ತಾಕಿದರೆ ಮತ್ತೆ ಎರಡು ಚೊಂಬು ತಲೆಮೇಲೆ ಸುರಿದುಕೊಳ್ಳೋರು. ವಿಧವೆ, ದಿನಕ್ಕೆ ಒಂದೇ ಹೊತ್ತು ಊಟ, ತಮ್ಮ ಅನ್ನ ತಾವೇ ಬೇಯಿಸಿಕೊಳ್ಳೋರು. ಅಂಥವರು ಬೆಕ್ಕಿನ ವಾಂತಿ ಬಳಿಯೋದು ಅಂದರೇನು? ಬಸುರಿ ಮೇಲಿನ ಅಕ್ಕರೆ ಅಂತ ಬೇರೆಯವಳಾಗಿದ್ದರೆ ಕರಗಿಬಿಡುತ್ತಿದ್ದಳು. ನನಗೆ ಅನುಮಾನ ಬಂತು.

ಇನ್ನೊಂದು ಕೇಳಿ. ಚೊಚ್ಚಲ ಹೆರಿಗೆ ತೌರಿನಲ್ಲಿ ಆಗಬೇಕು. ನನಗೆ ತೌರು ಅಂದರೆ ದೊಡ್ಡಮ್ಮ. ಅವರು ಮನೆಯಲ್ಲಿ ಅನುಕೂಲ ಇಲ್ಲ ಅಂತ ಕಾಗದ ಬರೆದುಬಿಟ್ಟರು. ಅದನ್ನ ಓದಿ ನಾನು ಅಳುತ್ತಾ ಕೂತಿದ್ದಾಗ ಅತ್ತೆ, "ಇಲ್ಲೇ ಆಗ್ಲಿ ಬಿಡು. ಬಾಣಂತನ ನಾನು ಮಾಡ್ತೀನಿ" ಅಂದಿದ್ದರು. ನಾನು ಅದನ್ನೂ ನಂಬಲಿಲ್ಲ. ಮಾಡಿ ಆಮೇಲೆ ಜನ್ಮಪೂರ್ತಿ ಎತ್ತಾಡೋದಕ್ಕೆ ಅಂದುಕೊಂಡೆ.

ಒಂದು ದಿನ ಬಾವಿ ಹತ್ತಿರ ಮನೆ ಯಜಮಾನಿ, "ನಿಮ್ಮನೆ ಬೆಕ್ಕು ದಿನಾ ಕಕ್ಕುತ್ತಂತಲ್ಲಮ್ಮ, ನಿಮ್ಮತ್ತೆ ಹೇಳ್ತಿದ್ರು. ನಿನ್ನ ಕೈ ಅನ್ನ ಅದಕ್ಕೂ ಸೇರಲ್ವೇನೋ" ಅಂದು ನಕ್ಕರು. ನಗೆಚಾಟಿಕೆಗೆ ಅಂದದ್ದೇ ಇರಬಹುದು. ನನಗೆ ಮೈಯೆಲ್ಲ ಉರಿದುಹೋಯಿತು. ಓಹೋ, ಹೀಗೋ ಸಮಾಚಾರ! ಸೊಸೆಯ ಕೈಗುಣ ಸರಿಯಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆಸೋಕೆ ಅತ್ತೆ ಬೆಕ್ಕನ್ನ ಇಟ್ಟುಕೊಂಡಿದ್ದಾರೆ. ಅದಕ್ಕೆ ಏನೋ ತಿನ್ನಿಸಿ ಕಕ್ಕಿಸ್ತಿದ್ದಾರೆ.

ಅವತ್ತಿನಿಂದ ನಾನು ಕಾಯೋಕೆ ಶುರುಮಾಡಿದೆ. ಅತ್ತೆ ನೀರು ಹಾಕೋ ಮುಂಚೆ ಹಿತ್ತಲಿಗೆ ಹೋಗಿ, ಪೊರಕೆ ಕಡ್ಡಿಯಲ್ಲಿ ಕೆದಕಿ ನೋಡುತ್ತಿದ್ದೆ. ಅಸಹ್ಯ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತೆ, ಮೂಗಿಗೆ ಸೆರಗು ಒತ್ತಿಕೊಂಡೇ ನೋಡಿದೆ. ಒಂದು ದಿನ ಅನ್ನ. ಒಂದು ದಿನ ಬರೀ ನೀರು. ಆಮೇಲೆ ಒಂದು ಏಕಾದಶಿ ಬಂತು. ಅವತ್ತು ಅತ್ತೆಗೆ ಅನ್ನ ವರ್ಜ್ಯ, ಗೋಧಿ ರವೆ ಉಪ್ಪಿಟ್ಟಿನ ಫಲಾಹಾರ. ನಾನು ಎಂದಿನಂತೆ ಅನ್ನ ತಿಂದೆ, ಬೆಕ್ಕಿಗೂ ಅದನ್ನೇ ಹಾಕಿದೆ. ಮಧ್ಯಾಹ್ನ ಕಲ್ಲಿನ ಪಕ್ಕ ನೋಡಿದರೆ ಗೋಧಿ ರವೆ.

ಸಿಕ್ಕಿಬಿದ್ದರು ಅಂದುಕೊಂಡೆ. ಬೆಕ್ಕು ಕಣ್ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗಲ್ಲವೇ? ತಾವು ತಿನ್ನೋ ಫಲಾಹಾರವನ್ನೇ ಕದ್ದು ಬೆಕ್ಕಿಗೆ ಹಾಕುತ್ತಿದ್ದಾರೆ, ಅದರಲ್ಲಿ ಇನ್ನೇನು ಬೆರೆಸುತ್ತಾರೋ ದೇವರೇ ಬಲ್ಲ. ಅವರು ಒಣಗುತ್ತಾ ಬಂದಿದ್ದೂ ನನ್ನ ಕಣ್ಣಿಗೆ ಬಿದ್ದಿತ್ತು. ಕುಪ್ಪಸದ ತೋಳು ಜೋಲುತ್ತಿತ್ತು. ಅದಕ್ಕೂ ನನ್ನಲ್ಲಿ ಲೆಕ್ಕ ಸಿದ್ಧವಾಗಿತ್ತು. ತಮ್ಮ ಪಾಲಿನದನ್ನೆಲ್ಲ ಬೆಕ್ಕಿಗೆ ಸುರಿದರೆ ಇನ್ನೇನಾಗುತ್ತೆ!

ಆ ಭಾನುವಾರ ಯಜಮಾನರೇ ಮಾತು ತೆಗೆದರು. "ಮಗು ಬರೋ ಮನೆ. ಈ ಬೆಕ್ಕನ್ನ ಗೋಣೀಲಿ ಹಾಕ್ಕೊಂಡು ಕೆರೆ ಆಚೆ ಬಿಟ್ಬರ್ತೀನಿ."

ಅತ್ತೆ ಮುಖ ಬಿಳಿಚಿಕೊಂಡಿತು. "ಬೇಡ ಕಣೋ. ಮೂಕಪ್ರಾಣಿ. ಬೆಕ್ಕು ಓಡಿಸಿದ ಪಾಪ ಸುತ್ಕೊಳ್ಳತ್ತೆ. ಇದ್ಕೊಂಡು ಹೋಗ್ಲಿ" ಅಂದರು. ಬೆಕ್ಕನ್ನ ಕಂಡರೆ ಮಾರು ದೂರ ಸರಿಯೋರು ಅವತ್ತು ಅದರ ಪರವಾಗಿ ಗೋಗರೆದರು.

ನನಗಿನ್ನು ಅನುಮಾನವೇ ಉಳಿಯಲಿಲ್ಲ. ಜಗಳ ಆಡಬಾರದು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಲೆಕ್ಕ ಹಾಕಿದೆ. ಹತ್ತಿರದ ಕೋಗಿಲು ಹಳ್ಳಿಯಿಂದ ಒಬ್ಬಳು ಮೊಸರು ಮಾರೋಕೆ ಬರುತ್ತಿದ್ದಳು. ಮಾರನೇ ದಿನ ಸಂಜೆ ಅತ್ತೆ ಕಣ್ಣುಮುಚ್ಚಿ ಜಪಕ್ಕೆ ಕೂತಿದ್ದಾಗ ಅವಳನ್ನ ಹಿತ್ತಲಿಗೆ ಕರೆದು, ಈ ಬೆಕ್ಕನ್ನ ಸಾಕಿಕೊಳ್ತೀಯಾ ಅಂತ ಕೇಳಿದೆ.

"ಕೊಡವ್ವಾ, ನಮ್ಮನೇಲಿ ಇಲಿ ಕಾಟ. ಒಪ್ಪೊತ್ತು ಆಲಾಕ್ತೀನಿ, ಇಂಗೇ ಚೀಲ್ದಾಗೆ ಆಕ್ಕೊಡು" ಅಂದಳು.

ಬೆಕ್ಕಿಗೆ ವಾಪಸ್ಸು ಬರೋ ದಾರಿ ಗುರುತು ಸಿಗದಿರಲಿ ಅಂತ ಚೀಲವನ್ನ ಮೂರು ಸುತ್ತು ಸುತ್ತಿಸಿ ಅವಳ ಕೈಗೆ ಕೊಟ್ಟೆ. ಒಳಗಿಂದ ಅದು ಕೂಗಿದಾಗ ಮುಖ ಆ ಕಡೆ ತಿರುಗಿಸಿಕೊಂಡೆ. ಆದರೂ ಗೆದ್ದೆ ಅನ್ನಿಸಿತು. ಇನ್ನು ಯಾರ ಕೈಲಿ ಕಕ್ಕಿಸ್ತೀರೋ ನೋಡೋಣ ಅಂತ ಬಾಗಿಲು ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಮಾರನೇ ದಿನ ಯಜಮಾನರು ಕೆಲಸಕ್ಕೆ ಹೋದರು. ಅತ್ತೆ ಮಧ್ಯಾಹ್ನ ಊಟ ಮಾಡಿ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಟ್ಟೆ ತೆಗೆಯೋಕೆ ನಾನೂ ಹೋದೆ. ಅವರು ಒಗೆಯೋ ಕಲ್ಲು ಹಿಡಕೊಂಡು ನಿಂತಿದ್ದರು. ನನ್ನನ್ನ ನೋಡಿ ಕೊಡಕ್ಕೆ ಕೈ ಹಾಕಿ, ದಿನಾ ಹೇಳೋ ಹಾಗೇ ಹೇಳಿದರು.

"ಹಾಳಾದ್ದು, ಮತ್ತೆ ಕಕ್ಕಿದೆ ನೋಡು ಬೆಕ್ಕು. ನೀನು ಬರ್ಬೇಡ, ಜಾರತ್ತೆ."

ನಾನು ನೋಡಿದೆ. ಅನ್ನದ ಅಗುಳು, ಅದರ ಜೊತೆ ಕಾಫಿ ಚರಟದ ಹಾಗೆ ಕಪ್ಪಗೆ ಏನೋ.

"ಅತ್ತೆ, ಬೆಕ್ಕನ್ನ ನಿನ್ನೆ ಸಾಯಂಕಾಲವೇ ಕೋಗಿಲಿಗೆ ಕಳಿಸ್ಬಿಟ್ಟೆ" ಅಂದೆ.

ಅವರು ಕೊಡ ಕೆಳಗಿಟ್ಟರು. ಕಲ್ಲಿನ ಮೇಲೆ ಕೂತರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಆಮೇಲೆ, "ಅಲ್ಲಿ ಅದಕ್ಕೆ ಹಾಲು ಹಾಕ್ತಾರೇನೇ?" ಅಂತ ಕೇಳಿದರು.

ಅವರಿಗೆ ಎರಡು ತಿಂಗಳಿಂದ ತಿಂದದ್ದು ದಕ್ಕುತ್ತಿರಲಿಲ್ಲವಂತೆ. "ಅವನಿಗೆ ಹೇಳ್ಬೇಡ ಕಣೇ. ಆಸ್ಪತ್ರೆಗೆ ಹಾಕ್ಬಿಡ್ತಾನೆ. ನಿನಗೆ ಏಳು ತುಂಬ್ತು. ನಿನ್ನ ಬಾಣಂತನ ಮುಗಿಯೋವರೆಗೂ ತಳ್ಳೋಣ ಅಂತಿದ್ದೆ. ನಿನಗಾದ್ರೂ ಇನ್ಯಾರಿದ್ದಾರೆ" ಅಂದರು.

ಕಡ್ಡಿ ಹಿಡಿದು ದಿನಾ ಕೆದಕಿದವಳು ನಾನು. ಒಂದು ದಿನವಾದರೂ ಅವರ ಮುಖ ನೋಡಿ, ಏನತ್ತೆ, ಮೈಗೆ ಹುಷಾರಿಲ್ಲವೇ ಅಂತ ಕೇಳಿರಲಿಲ್ಲ. ನನಗೆ ಅಷ್ಟು ನಾಚಿಕೆ ಆಮೇಲೆ ಯಾವತ್ತೂ ಆಗಿಲ್ಲ. ಅವರು ಎಷ್ಟು ಬೇಡಿಕೊಂಡರೂ ಕೇಳದೆ ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ, ಬೆಕ್ಕಿನ ಸಮೇತ.

ಹೊಟ್ಟೆಯಲ್ಲಿ ಹುಣ್ಣು, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಆಸ್ಪತ್ರೆಯಲ್ಲಿ ಅತ್ತೆ ನನ್ನ ಜೊತೆ ನಾಲ್ಕು ದಿನ ಮಾತು ಬಿಟ್ಟರು. ಐದನೇ ದಿನ, "ಮೆಂತ್ಯ ಹುರಿದಿಟ್ಯಾ? ಬಾಣಂತಿ ಲೇಹಕ್ಕೆ ಬೇಕು" ಅಂದರು. ಮಗು ಹುಟ್ಟೋ ಹೊತ್ತಿಗೆ ಮನೆಗೆ ಬಂದಿದ್ದರು. ಮನೆ ಯಜಮಾನಿ ಬಂದು ನನಗೆ ಎಣ್ಣೆ ಒತ್ತಿ ನೀರು ಹಾಕುತ್ತಿದ್ದರೆ, ಅತ್ತೆ ಮಣೆ ಮೇಲೆ ಕೂತು, ಹಾಗಲ್ಲ ಹೀಗೆ ಅಂತ ಅವರ ಪ್ರಾಣ ತಿನ್ನುತ್ತಿದ್ದರು.

ಒಂದು ದಿನ ಮೊಸರಿನವಳು ಚೀಲ ತಂದು ಹಿತ್ತಲಲ್ಲಿ ಬಿಚ್ಚಿದಳು. "ತಕ್ಕಳವ್ವಾ ನಿನ್ ಬೆಕ್ಕ. ಇಲಿ ಇಡಿಯಾಕಿಲ್ಲ, ಏನಿಲ್ಲ. ತಿಂತದೆ, ಕಕ್ತದೆ" ಅಂದು ಹೊರಟುಹೋದಳು. ಅತ್ತೆ ದೂರದಿಂದಲೇ ಅದಕ್ಕೆ ಹಾಲನ್ನ ಹಾಕಿಸಿದರು. ಅದು ಗಬಗಬ ತಿಂದು ನುಗ್ಗೆಮರದ ಹಿಂದೆ ಹೋಯಿತು.

ಸ್ವಲ್ಪ ಹೊತ್ತಿಗೆ ಅತ್ತೆ ಹಿತ್ತಲಿಂದ ಕೂಗಿದರು. "ಬೆಕ್ಕು ಕಕ್ಕಿದೆ ಕಣೇ. ದೇವರಾಣೆಗೂ ಈ ಸಲ ಅದೇ, ನಾನಲ್ಲ."

ನಾನು ಮಗುವನ್ನ ಮಲಗಿಸಿ, ಪೊರಕೆ ಕಡ್ಡಿ ಮುರಕೊಂಡು, ಹೋಗಿ ಕೆದಕಿ ನೋಡಿಯೇ ನಂಬಿದೆ.